ವಿರೋಧ ಇರುವವರು ಕೈ ಎತ್ತಿ

ಕೊರಗ ವೇಷಕ್ಕೆ ಮಸಿ ಮಾಡುವುದು ಹೇಗೆಂದು ಉಷಾಲತಕ್ಕ ಊರಿಗೆ ಫೋನು ಹಚ್ಚಿ ಕೇಳುತ್ತಿದ್ದರು. ನಾನು ಬಹರೈನಿನ ರಿಫಾದಲ್ಲಿದ್ದ ಅವರ ಮನೆಯ ಹಾಲಿನಲ್ಲಿ ಏಣಿ ಮೇಲೆ ನಿಂತು ಎಸಿಯ ಫಿಲ್ಟರ್ ಬಿಚ್ಚುತ್ತಿದ್ದೆ. ಫೋನು ಸ್ಪೀಕರಿನಲ್ಲಿತ್ತು. ತೆಂಗಿನ ಗೆರಟೆ ಸುಟ್ಟು, ಅರೆದು, ಎಣ್ಣೆಯಲ್ಲಿ ಕಲಸಬೇಕು ಎಂದು ಆ ಕಡೆಯಿಂದ ಅವರ ತಾಯಿ ಹೇಳಿದರು.

"ತಲೆಗೆ ಮುಟ್ಟಾಳೆ ಬೇಕಲ್ಲ ಅಮ್ಮ, ಇಲ್ಲಿ ಎಲ್ಲಿ ಸಿಗ್ತದೆ?"

"ಬರುವವರ ಹತ್ರ ಕಳಿಸ್ತೇನೆ. ಎಂಟು ಸಾಕಾ?"

ನನ್ನ ಕೈಯಿಂದ ಸ್ಕ್ರೂ ಜಾರಿ ಸೋಫಾದ ಮೇಲೆ ಬಿತ್ತು. "ಹುಷಾರು ತಿಲಕ್" ಎಂದರು ಉಷಾಲತಕ್ಕ. ಒಳ್ಳೆಯ ಹೆಂಗಸು. ಯಾವತ್ತೂ ಚಹಾ ಕೊಡದೆ ಕಳಿಸಿದವರಲ್ಲ. ಆ ದಿನವೂ ಕೊಟ್ಟರು. ಕುಡಿದೆ.

ನನ್ನ ಹೆಸರು ತಿಲಕ್ ಎಂ. ಎಂ ಎಂದರೆ ಮುಂಡಪ್ಪ, ನನ್ನ ಅಪ್ಪ. ಬಹರೈನಿಗೆ ಬಂದ ಹೊಸತರಲ್ಲಿ ರೂಮಿನವರು ಅದನ್ನು ಕುಂಬಾರರ ಮೂಲ್ಯ ಎಂಬ ಹೆಸರು ಅಂದುಕೊಂಡರು. ಅಲ್ಲ ಎಂದು ನಾನು ಹೇಳಲಿಲ್ಲ. ನಮ್ಮ ಕರಾವಳಿಯ ಇಬ್ಬರು ಸೇರಿದರೆ ಮೂರನೆಯ ಮಾತಿಗೆ ಬಳಿ ಯಾವುದು, ತಾಯಿಯ ಕಡೆ ಯಾವ ಕುಲ ಎಂದು ಕೇಳುತ್ತಾರೆ. ಸಮುದ್ರ ದಾಟಲು ಆ ಪ್ರಶ್ನೆಗೆ ವೀಸಾ ಬೇಡ. ನಾನು ಯಾರದೋ ಬಳಿಯ ಹೆಸರು ಬಾಯಿಪಾಠ ಮಾಡಿಟ್ಟುಕೊಂಡಿದ್ದೆ. ಕೇಳಿದಾಗಲೆಲ್ಲ ಅದನ್ನೇ ಒಪ್ಪಿಸುತ್ತಿದ್ದೆ.

ನಾನು ಕೊರಗ.

ಉಷಾಲತಕ್ಕನ ಗಂಡ ಜಯರಾಜಣ್ಣ ನನ್ನ ಧಣಿ. ಎಸಿ ರಿಪೇರಿಯ ಕಂಪನಿ ಅವರದ್ದು. ಊರವರೆಲ್ಲ ಸೇರಿ ಕಟ್ಟಿಕೊಂಡ 'ಕಡಲತಡಿ ಬಳಗ'ಕ್ಕೂ ಅವರೇ ಅಧ್ಯಕ್ಷರು. ಸಂವಿಧಾನಕ್ಕೆ ಎಪ್ಪತ್ತೈದು ತುಂಬಿದ ಲೆಕ್ಕದಲ್ಲಿ ಆ ನವೆಂಬರಿಗೆ ಬಳಗ ಒಂದು ಕಾರ್ಯಕ್ರಮ ಇಟ್ಟುಕೊಂಡಿತ್ತು. ಜಯರಾಜಣ್ಣನ ಮಗಳು ಅನ್ವಿತಾ ಕಾನೂನು ಓದಿ ಮುಗಿಸಿ ಬಂದಿದ್ದಳು. ಸಂವಿಧಾನ ಸಭೆಯ ಮೇಲೆ ನಾಟಕ ಬರೆದಿದ್ದಳು. ನಾಟಕಕ್ಕೆ ಮುಂಚೆ ಊರಿನ ಕಲೆ ಏನಾದರೂ ಇರಲಿ, ಜನ ಬರಬೇಕಲ್ಲ ಎಂದು ಜಯರಾಜಣ್ಣ ಕೊರಗ ವೇಷ ಸೇರಿಸಿದರು. ಎಂಟು ಗಂಡಸರು ಮೈಗೆ ಮಸಿ ಬಳಿದುಕೊಂಡು, ಸೊಂಟಕ್ಕೆ ಸೊಪ್ಪು ಕಟ್ಟಿಕೊಂಡು, ತಲೆಗೆ ಅಡಿಕೆ ಹಾಳೆಯ ಟೊಪ್ಪಿ, ಮುಟ್ಟಾಳೆ ಇಟ್ಟುಕೊಂಡು, ಬಾಯಿ ಸೊಟ್ಟ ಮಾಡಿ ಕುಣಿಯುವುದು. ಊರಿನಲ್ಲಿ ಅದಕ್ಕೆ ನಿಷೇಧವಿದೆ. ಕೇಸು ಬೀಳುತ್ತದೆ. ಇಲ್ಲಿ ಯಾರು ಕೇಳುತ್ತಾರೆ.

ನಾಟಕದ ಸಭೆಗೆ ತಲೆಗಳು ಬೇಕಿದ್ದವು. ಮುಂದಿನ ಸಾಲಿನಲ್ಲಿ ಮ್ಯಾನೇಜರುಗಳು, ಅಂಗಡಿ ಮಾಲಿಕರು. ಹಿಂದಿನ ಸಾಲಿಗೆ ನಾವು, ಕಂಪನಿಯ ಕೆಲಸದವರು. ನಮಗೆ ಮಾತಿಲ್ಲ. ಕರಿ ಕೋಟು ಹಾಕಿ ಕೂತು, ಹೇಳಿದಾಗ ಕೈ ಎತ್ತಬೇಕು. ಕೆಲಸ ಮುಗಿಸಿ, ಬೆವರು ಆರುವ ಮೊದಲೇ ಉಮ್ ಅಲ್ ಹಸ್ಸಮ್‌ನ ಟೈಲರ್ ಅಂಗಡಿಯ ಮೇಲಿದ್ದ ಬಳಗದ ಹಾಲಿಗೆ ಹೋಗುತ್ತಿದ್ದೆವು.

ಅನ್ವಿತಾ ಚೆನ್ನಾಗಿ ಹೇಳುತ್ತಿದ್ದಳು. ಸ್ವಾತಂತ್ರ್ಯ ಇನ್ನೂ ಬಂದಿರಲಿಲ್ಲ, ಆಗಲೇ ಸಭೆ ಸೇರಿತು. ದೇಶ ಎರಡಾಯಿತು, ಹೆಣ ಬಿದ್ದವು, ಸಭೆ ನಿಲ್ಲಲಿಲ್ಲ. ಕರಡು ಬರೆದು ಊರಿಗೆಲ್ಲ ಹಂಚಿದರು. ತಿದ್ದುಪಡಿಗಳು ಸಾವಿರಗಟ್ಟಲೆ ಬಂದವು. ಒಂದೊಂದೇ ವಿಧಿಯನ್ನು ಎತ್ತಿಕೊಂಡು ಜಗಳಾಡಿದರು. ಕೊನೆಗೆ ಕೈಯಲ್ಲಿ ಚಂದ ಮಾಡಿ ಬರೆಸಿ ಎಲ್ಲರೂ ಸಹಿ ಹಾಕಿದರು. ನಾನು ಎಸ್ಸೆಸ್ಸೆಲ್ಸಿಯಲ್ಲಿ ಇದನ್ನೆಲ್ಲ ಓದಿದ್ದೆ. ಆಗ ಅದು ಅಂಕಕ್ಕೆ ಓದಿದ್ದು.

"ಈ ಸೀನ್ ಮುಖ್ಯ, ಅಂಕಲ್" ಎಂದಳು ನಮಗೆ. "ಅಸ್ಪೃಶ್ಯತೆ ರದ್ದು ಮಾಡುವ ವಿಧಿ. ಈಗ ಹದಿನೇಳು, ಕರಡಿನಲ್ಲಿ ಹನ್ನೊಂದು. ಅಲ್ಲಿ ಬಾಯಲ್ಲೇ ಯೆಸ್ ಅಂತಿದ್ರು. ಸ್ಟೇಜಲ್ಲಿ ಕಾಣ್ಬೇಕಲ್ಲ, ನೀವು ಹ್ಯಾಂಡ್ಸ್ ಎತ್ತಿ. ನಾನು ಚೇರಲ್ಲಿ ಇರ್ತೇನೆ. ಪರವಾಗಿ ಯಾರು ಅಂತ ಕೇಳ್ತೇನೆ, ಎಲ್ಲರೂ ಎತ್ತಿ. ವಿರೋಧ ಯಾರು ಅಂತ ಕೇಳ್ತೇನೆ, ಯಾರೂ ಎತ್ಬಾರ್ದು. ಸೈಲೆನ್ಸ್. ಆ ಸೈಲೆನ್ಸೇ ಸೀನು."

ಅಂಬೇಡ್ಕರರ ಪಾತ್ರಕ್ಕೆ ಜನ ಸಿಗಲಿಲ್ಲ. ಒಬ್ಬರಿಗೆ ಮೀಸೆ ತೆಗೆಯಲಾಗದು. ಒಬ್ಬರಿಗೆ ಮಾತು ಬಾಯಿಪಾಠ ಬರುವುದಿಲ್ಲ. ಇನ್ನೊಬ್ಬರ ಹೆಂಡತಿಗೆ ಇಷ್ಟವಿಲ್ಲ. ಕೊರಗ ವೇಷಕ್ಕೆ ಮಾತ್ರ ಎಂಟು ಸ್ಥಾನಕ್ಕೆ ಹನ್ನೆರಡು ಮಂದಿ ಬಂದರು. ಕೊನೆಗೆ ಅನ್ವಿತಾ ಅವರ ಜಾಗದಲ್ಲಿ ಒಂದು ಖಾಲಿ ಕುರ್ಚಿ ಇಟ್ಟಳು.

ರಿತೇಶ್ ನಮ್ಮ ರೂಮಿಗೆ ಬಂದದ್ದು ಆ ದಿನಗಳಲ್ಲೇ. ಐಟಿಐ ಮುಗಿಸಿದ ಹುಡುಗ, ಇಪ್ಪತ್ತೈದರ ಆಚೀಚೆ. ಬಂದ ಸಂಜೆಯೇ ನಮ್ಮ ರೂಮಿನ ನವನೀತ್ ಅವನ ಪಕ್ಕ ಕೂತು, "ಬಳಿ ಯಾವುದು ನಿಮ್ಮದು?" ಎಂದು ಕೇಳಿದ.

"ನಾನು ಕೊರಗ" ಎಂದ ರಿತೇಶ್. "ಇನ್ನು ಎಂತ ಕೇಳ್ಲಿಕ್ಕುಂಟು?"

ಮರುದಿನ ನವನೀತ್ ಅಡುಗೆಯ ಪಾಳಿಯಿಂದ ಅವನ ಹೆಸರು ಬಿಟ್ಟ. "ಹೊಸಬ ಅಲ್ವಾ, ಆರಾಮ ಮಾಡ್ಲಿ. ಬೇಕಾದ್ರೆ ಪಾತ್ರೆ ತೊಳೀಲಿ" ಎಂದ. ಆವತ್ತು ಅಡುಗೆ ನನ್ನ ಪಾಳಿ. ಬಂಗುಡೆ ಸಾರು ಮಾಡಿದ್ದೆ. ನವನೀತ್ ಬೆರಳು ನೆಕ್ಕಿ ತಿಂದ. ತಿಲಕನ ಕೈರುಚಿ ಯಾರಿಗೂ ಬರುವುದಿಲ್ಲ ಎಂದ. ರಿತೇಶ್ ಅನ್ನದ ತಟ್ಟೆಯಿಂದ ತಲೆ ಎತ್ತಿ ನನ್ನ ಮುಖ ನೋಡಿದ. ಆಮೇಲೆ ತಟ್ಟೆ ಎತ್ತಿಕೊಂಡು ಪಾತ್ರೆ ತೊಳೆಯಲು ಹೋದ.

ಎರಡು ದಿನ ಬಿಟ್ಟು ಅವಾಲಿಯ ಒಂದು ಮನೆಯ ತಾರಸಿಯಲ್ಲಿ ಇಬ್ಬರೇ ಇದ್ದೆವು. ಹಳೆಯ ಕಂಪ್ರೆಸರನ್ನು ಹಗ್ಗ ಕಟ್ಟಿ ಇಳಿಸಬೇಕಿತ್ತು. ಹಗ್ಗದ ಆ ತುದಿಯಲ್ಲಿ ಅವನು, ಈ ತುದಿಯಲ್ಲಿ ನಾನು.

"ತಿಲಕಣ್ಣ, ನೀವು ಮುಂಡಪ್ಪ ದೊಡ್ಡಪ್ಪನ ಮಗ ಅಲ್ವಾ?" ಎಂದ. "ನಿಮ್ಮಮ್ಮ ಅಕ್ಕು ದೊಡ್ಡಮ್ಮನೇ ನಂಗೆ ಕಾಡಿನ ಬೀಳಲಲ್ಲಿ ಬುಟ್ಟಿ ಹೆಣೀಲಿಕ್ಕೆ ಕಲಿಸಿದ್ದು. ನಿಮ್ಮ ಫೋಟೋ ಇತ್ತು ಗೋಡೆಯಲ್ಲಿ."

ಹಗ್ಗ ನನ್ನ ಅಂಗೈಯನ್ನು ಕೊಯ್ಯುತ್ತಿತ್ತು. "ಇಲ್ಲಿ ಅದೆಲ್ಲ ಬೇಡ" ಎಂದೆ.

"ಆಯ್ತು" ಎಂದ ಅವನು. ಅಷ್ಟೆ. ಆಮೇಲೆ ಎಂದೂ ಆ ಮಾತು ಎತ್ತಲಿಲ್ಲ.

ಒಂದು ಸಂಜೆ ತಾಲೀಮಿನಲ್ಲಿ ವೇಷದವರು ಫೋನಿನ ಹಾಡಿಗೆ ಕುಣಿಯುತ್ತಿದ್ದರು. ಜಯರಾಜಣ್ಣನಿಗೆ ಸಮಾಧಾನವಿಲ್ಲ. ಬಳಗದಲ್ಲಿ ಒಂದು ಡೋಲು ಬಿದ್ದಿತ್ತು. ಅದನ್ನು ಎತ್ತಿ ತಂದು, "ಇದು ಯಾರಿಗೆ ಬರ್ತದೆ? ಡೋಲಿಲ್ಲದೆ ಎಂತ ಕೊರಗ ವೇಷ?" ಎಂದರು. ಒಬ್ಬ ಹೊಡೆದ. ಹಾಳು ಹೊಡೆತ. ನಾನು ಹಿಂದೆ ನೆಲದ ಮೇಲೆ ಕೂತಿದ್ದೆ. ಅವನು ತಪ್ಪಿದಲ್ಲೆಲ್ಲ ನನ್ನ ಬೆರಳು ನನ್ನ ಟೂಲ್ ಪೆಟ್ಟಿಗೆಯ ಮೇಲೆ ಸರಿಯಾದ ಪೆಟ್ಟು ಹಾಕುತ್ತಿತ್ತು. ನನಗೇ ಗೊತ್ತಿರಲಿಲ್ಲ.

"ತಿಲಕ್, ನಿನ್ನ ಕೈ ಕುಣೀತದಲ್ಲ" ಎಂದರು ಜಯರಾಜಣ್ಣ. "ನಿನಗೆ ಎಲ್ಲಿಂದ ಇದು?"

ಎಲ್ಲರೂ ತಿರುಗಿದರು. ನವನೀತನೂ ತಿರುಗಿದ. ನಾನು ಬೆರಳು ಮಡಚಿಕೊಂಡೆ.

"ನಂಗಲ್ಲ. ರಿತೇಶನಿಗೆ ಬರ್ತದೆ" ಎಂದೆ. "ಅವನು ಅವರ ಪೈಕಿ ಅಲ್ವಾ. ಅವನನ್ನು ಕೇಳಿ."

ಹೀಗೆ ಹೇಳಿದ್ದು ನಾನು. ಬೇರೆ ಯಾರೂ ಅಲ್ಲ. ಅವನು ತಾರಸಿಯ ಮೇಲೆ ನನ್ನ ಗುಟ್ಟು ಕಾದ. ನಾನು ಹಾಲಿನಲ್ಲಿ ಅವನನ್ನು ಹಿಡಿದುಕೊಟ್ಟೆ.

ರಿತೇಶ್ ಬಾಗಿಲ ಬಳಿ ನಿಂತು ಕುರ್ಚಿ ಜೋಡಿಸುತ್ತಿದ್ದ. ಜಯರಾಜಣ್ಣ ಖುಷಿಯಿಂದ ಅವನ ಕೈಗೆ ಡೋಲು ಕೊಡಲು ಹೋದರು. "ತಿಲಕ್ ಹೇಳಿದ ನೋಡು. ಅಸಲಿ ಇರುವಾಗ ನಕಲಿ ಯಾಕೆ? ಇವನಿಗೆ ಮಸಿಯೂ ಬೇಡ" ಎಂದರು. ಎಲ್ಲರೂ ನಕ್ಕರು. ನಾನೂ ಹಲ್ಲು ತೋರಿಸಿದೆ.

"ನಾನು ಬಾರಿಸುದಿಲ್ಲ" ಎಂದ ರಿತೇಶ್.

"ಬರುದಿಲ್ವಾ?"

"ಬರ್ತದೆ. ಬಾರಿಸುದಿಲ್ಲ."

"ನಿಮ್ಮದೇ ಕಲೆ ಮಾರಾಯ. ನಿಮ್ಮವರಿಗೆ ಗೌರವ ಕೊಡುವ ಅಂತ ಅಲ್ವಾ ನಾವು ಮಾಡುದು?"

"ಗೌರವ ಅಂತಾದ್ರೆ ಮಸಿ ಯಾಕೆ ಹಚ್ಚುದು? ನಿಮ್ಮ ಅಜ್ಜನ ವೇಷ ಹಾಕಿ ನಾನು ಬಾಯಿ ಸೊಟ್ಟ ಮಾಡಿದ್ರೆ ಗೌರವ ಆಗ್ತದಾ?"

ಜಯರಾಜಣ್ಣನ ಕಿವಿ ಕೆಂಪಾಯಿತು. "ನೀನು ನನ್ನ ವೀಸಾದಲ್ಲಿ ಬಂದವ" ಎಂದರು.

"ಹೌದು. ಎಸಿ ಕೆಲಸಕ್ಕೆ ಬಂದವ. ಎಸಿ ಕೊಡಿ, ಮಾಡ್ತೇನೆ."

ಹೇಳುವಾಗ ಅವನು ಒಮ್ಮೆ ನನ್ನ ಕಡೆ ನೋಡಿದ. ನಾನು ನೆಲದ ಟೈಲ್ಸ್ ನೋಡುತ್ತಿದ್ದೆ.

ಎಸಿ ಕೊಡಲಿಲ್ಲ. ಮರುದಿನದಿಂದ ಅವನನ್ನು ಗ್ರೀಸ್ ಡಕ್ಟಿಗೆ ಹಾಕಿದರು. ಹೋಟೆಲ್ ಅಡುಗೆಮನೆಯ ಹೊಗೆ ಹೊರಗೆ ಹೋಗುವ ತಗಡಿನ ಸುರಂಗ ಅದು. ವರ್ಷಗಟ್ಟಲೆ ಕರಿದ ಎಣ್ಣೆಯ ಹಬೆ ಅದರೊಳಗೆ ಹೆಪ್ಪುಗಟ್ಟಿರುತ್ತದೆ. ಮಧ್ಯಾಹ್ನ ಅಡುಗೆ ನಿಂತ ಹೊತ್ತಿಗೆ ಒಬ್ಬ ಹೊಟ್ಟೆಯ ಮೇಲೆ ತೆವಳಿ ಒಳಗೆ ಹೋಗಬೇಕು. ತಗಡು ಇನ್ನೂ ಬಿಸಿ ಇರುತ್ತದೆ. ತಗಡಿನ ಅಂಚು ಮೊಣಕೈ ಕೊಯ್ಯುತ್ತದೆ. ಗ್ರೀಸ್ ಕರಗಿಸುವ ಮದ್ದು ಹೊಡೆದರೆ ಕಣ್ಣು ಉರಿಯುತ್ತದೆ, ಮೂಗಿನಿಂದ ನೀರು ಸುರಿಯುತ್ತದೆ. ಕೆರೆದು ಕೆರೆದು ತೆಗೆದದ್ದು ಕುತ್ತಿಗೆ ಮೇಲೆ ಬೀಳುತ್ತದೆ. ಇಬ್ಬರು ಮಾಡುವ ಕೆಲಸವನ್ನು ಅವನೊಬ್ಬನಿಗೆ ಕೊಟ್ಟರು. ಅವನು ರೂಮಿಗೆ ಬಂದರೆ ನವನೀತ್ ಕಿಟಕಿ ತೆರೆಯುತ್ತಿದ್ದ. "ವಾಸನೆ" ಎನ್ನುತ್ತಿದ್ದ.

ಆ ವಾರವೇ ಜಯರಾಜಣ್ಣ ನನ್ನನ್ನು ವ್ಯಾನಿನಲ್ಲಿ ಪಕ್ಕ ಕೂರಿಸಿಕೊಂಡರು. ಹಳೆಯ ಫೋರ್‌ಮನ್ ಊರಿಗೆ ಹೋಗುತ್ತಾನೆ, ಆ ಜಾಗ ನಿನಗೆ ಎಂದರು. ಫೋರ್‌ಮನ್ ಆದರೆ ಹೆಂಡತಿ ಮಗಳನ್ನು ಕರೆಸಲು ಕಾಗದ ಮಾಡಿಕೊಡುತ್ತೇನೆ ಎಂದರು.

"ಮಗಳು ಎಷ್ಟನೇ ಕ್ಲಾಸು?"

"ಮೂರು."

"ಇಲ್ಲೇ ಓದ್ಲಿ. ಮತ್ತೆ ತಿಲಕ್, ಆ ಡೋಲು ನೀನೇ ಹಿಡಿ ಮಾರಾಯ. ನಿನಗೆ ಬರ್ತದೆ ಅಂತ ನಂಗೆ ಗೊತ್ತುಂಟು. ಎಲ್ಲಿ ಕಲ್ತದ್ದು?"

"ಊರಲ್ಲಿ ಕಂಬಳದಲ್ಲಿ ಕೇಳಿ ಕೇಳಿ" ಎಂದೆ.

ಅದು ಪೂರ್ತಿ ಸುಳ್ಳಲ್ಲ. ಕಂಬಳದ ಗದ್ದೆಯಲ್ಲಿ ಬಾರಿಸುತ್ತಿದ್ದವನು ನನ್ನ ಅಪ್ಪ. ಊರಿನ ಧಣಿಗಳ ಕೋಣ ಇಳಿಯುವ ಮೊದಲು ನಮ್ಮವರನ್ನು ಗದ್ದೆಯಲ್ಲಿ ಓಡಿಸುತ್ತಿದ್ದರು. ಗಾಜು ಮುಳ್ಳು ಇದ್ದರೆ ನಮ್ಮ ಕಾಲಿಗೆ ಚುಚ್ಚಲಿ, ಕೋಣಕ್ಕೆ ಬೇಡ. ಧಣಿಗಳ ಮನೆಯ ಬಸುರಿಯ ಸೀಮಂತಕ್ಕೆ ನನ್ನ ಅಮ್ಮ ಅಕ್ಕುವನ್ನು ಕರೆಸಿ ಅನ್ನ ಹಾಕುತ್ತಿದ್ದರು. ಆ ಅನ್ನದಲ್ಲಿ ಬಸುರಿಯ ಕೂದಲು, ಉಗುರು ಕಲಸಿರುತ್ತಿತ್ತು. ಅವರ ಅನಿಷ್ಟ ನಮ್ಮ ಹೊಟ್ಟೆಗೆ ಹೋಗಬೇಕು. ಅಮ್ಮ ಅಂಗಳದಲ್ಲಿ ಕೂತು ಅದನ್ನು ನುಂಗಿದ್ದಾಳೆ. ಇದಕ್ಕೆ ಅಜಲು ಎಂದು ಹೆಸರು, ನಮ್ಮ ಪಾಲಿಗೆ ಬಂದ ಕೂಲಿಯಿಲ್ಲದ ಚಾಕರಿ. ಅಪ್ಪ ಹುಟ್ಟಿದ್ದು ಸಂವಿಧಾನ ಬಂದ ಮೇಲೆ. ಅಜಲು ತಪ್ಪು ಎಂದು ಕಾಯ್ದೆ ಬಂದದ್ದು ನಾನು ಶಾಲೆಯಲ್ಲಿದ್ದಾಗ. ದೆಹಲಿಯಿಂದ ನಮ್ಮ ಅಂಗಳಕ್ಕೆ ಅಷ್ಟು ದೂರ.

ಕಾಯ್ದೆ ಬಂದ ವರ್ಷ ಧಣಿಗಳ ಮನೆಯಿಂದ ಕಂಬಳಕ್ಕೆ ಕರೆ ಬಂತು. ಅಪ್ಪ ಡೋಲನ್ನು ಮಾಡಿನ ಜಂತಿಗೆ ಕಟ್ಟಿದ. "ಇನ್ನು ಇದು ನಮ್ಮ ಮದುವೆಗೆ, ನಮ್ಮ ಭೂತದ ಕೋಲಕ್ಕೆ ಮಾತ್ರ. ಅವರ ಕುಣಿತಕ್ಕಿಲ್ಲ" ಎಂದ. ಆ ಮಾತಿಗೆ ಎರಡು ಮಳೆಗಾಲ ನಮಗೆ ಕೂಲಿ ಕೊಡಲಿಲ್ಲ. ಗೆಣಸು ತಿಂದೆವು. ಅಪ್ಪ ಡೋಲು ಬಿಚ್ಚಲಿಲ್ಲ. ನಮ್ಮ ಮದುವೆ, ಕೋಲಗಳಿಗೆ ಮಾತ್ರ ಅದು ಕೆಳಗೆ ಇಳಿಯುತ್ತಿತ್ತು. ನಾನು ಕಲಿತದ್ದು ಹಾಗೆ.

ಆ ಮುಂಡಪ್ಪನ ಮಗ ವ್ಯಾನಿನಲ್ಲಿ ಕೂತು "ಆಯ್ತು ಜಯರಾಜಣ್ಣ" ಎಂದ.

ಊರಿಗೆ ಫೋನು ಮಾಡಿ ಹೆಂಡತಿ ಅಕ್ಷಿತಾಗೆ ಮಗಳು ಖುಷಿಯ ಪಾಸ್‌ಪೋರ್ಟ್ ಮಾಡಿಸಲು ಹೇಳಿದೆ. ಅವಳು ಅತ್ತಳು. ಖುಷಿ ಬಂದು, "ಅಪ್ಪ, ಅಲ್ಲಿ ಸ್ವಿಮ್ಮಿಂಗ್ ಪೂಲ್ ಉಂಟಾ?" ಎಂದು ಕೇಳಿತು. ಉಂಟು ಎಂದೆ. ಅಮ್ಮ ಹಿಂದೆ ಕೂತು ಬುಟ್ಟಿ ಹೆಣೆಯುತ್ತಿದ್ದಳು. "ರಿತೇಶ ಚೆನ್ನಾಗಿದ್ದಾನಾ? ಅವನನ್ನು ನೋಡ್ಕೋ ಮಗಾ. ನಮ್ಮ ಹುಡುಗ" ಎಂದಳು. ನೋಡಿಕೊಳ್ಳುತ್ತಿದ್ದೇನೆ ಎಂದೆ. ಫೋನು ಇಟ್ಟ ಮೇಲೆ ನನ್ನ ಬಾಯಿ ನನಗೇ ಹೇಸಿಗೆ ಆಯಿತು. ಆದರೂ ಮರುದಿನ ಡೋಲಿನ ತಾಲೀಮಿಗೆ ಹೋದೆ.

ಆ ಪಾಪದ ಹುಡುಗಿ ಅನ್ವಿತಾ ನನಗೆ ಒಂದು ಬಾಗಿಲು ತೆರೆದೂ ಕೊಟ್ಟಳು. ಕಾರ್ಯಕ್ರಮಕ್ಕೆ ಎರಡು ದಿನ ಇತ್ತು. ನಾನು ಡೋಲಿನ ಹಗ್ಗ ಬಿಗಿಯುತ್ತಿದ್ದೆ. ಬಂದು ಪಕ್ಕ ಕೂತಳು.

"ತಿಲಕ್ ಅಂಕಲ್, ಈ ವೇಷ... ಇಟ್ಸ್ ಓಕೆ ಅಲ್ವಾ? ಡ್ಯಾಡಿ ಟ್ರೆಡಿಶನ್ ಅಂತಾರೆ. ನಂಗೆ ಬ್ಲ್ಯಾಕ್ ಪೇಂಟ್ ನೋಡಿ ಒಂಥರಾ ಆಗ್ತದೆ. ಯಾರಿಗಾದ್ರೂ ಹರ್ಟ್ ಆಗ್ತದಾ?"

ನಾನು ಹೂಂ ಅನ್ನಬಹುದಿತ್ತು. ಒಂದೇ ಮಾತು. ಅವಳು ಹಟಮಾರಿ, ಅಪ್ಪನೊಡನೆ ಜಗಳ ಮಾಡಿ ಅದನ್ನು ತೆಗೆಸುತ್ತಿದ್ದಳು. ನನ್ನ ಹೆಸರೂ ಹೇಳಬೇಕಿರಲಿಲ್ಲ.

"ಏನೂ ತೊಂದರೆ ಇಲ್ಲ ಅನ್ವಿತಾ" ಎಂದೆ. "ಎಲ್ಲ ತಮಾಷೆಗೆ."

"ಥ್ಯಾಂಕ್ಸ್ ಅಂಕಲ್. ನೀವು ಹೇಳಿದ್ರಲ್ಲ, ಸಾಕು" ಎಂದು ಎದ್ದು ಹೋದಳು.

ಕಾರ್ಯಕ್ರಮ ಶುಕ್ರವಾರ ಮಧ್ಯಾಹ್ನದ ಮೇಲೆ. ಬಾಡಿಗೆಗೆ ಹಿಡಿದ ದೊಡ್ಡ ಹಾಲು ತುಂಬಿತ್ತು. ವೇಷದ ಕೋಣೆಯಲ್ಲಿ ಉಷಾಲತಕ್ಕ ಬಟ್ಟಲಲ್ಲಿ ಮಸಿ ಹಿಡಿದು ನಿಂತಿದ್ದರು. ಇಲ್ಲಿ ಕೋಲ್ಡ್ ಸ್ಟೋರ್ ಎನ್ನುವ ಕಿರಾಣಿ ಅಂಗಡಿಯ ತೆಂಗಿನಕಾಯಿಯ ಗೆರಟೆ ಸುಟ್ಟು ತಾವೇ ಮಾಡಿದ್ದು. ಡೋಲಿನವನೂ ವೇಷದಲ್ಲಿ ಇರಬೇಕು ಎಂದರು. ನನ್ನ ಗಲ್ಲ ಹಿಡಿದು ತಾಯಿಯ ಹಾಗೆ ಮೆಲ್ಲಗೆ ಹಚ್ಚಿದರು. ಹಣೆ, ಕೆನ್ನೆ, ಕುತ್ತಿಗೆ. "ಚಂದ ಕೂತಿದೆ ನಿಂಗೆ" ಎಂದರು. ಕನ್ನಡಿಯಲ್ಲಿ ನೋಡಿದೆ. ಅಪ್ಪನ ಮುಖ ಕಾಣಲಿಲ್ಲ. ಅಪ್ಪ ಎಂದೂ ಹೀಗಿರಲಿಲ್ಲ. ನಮ್ಮ ಬಗ್ಗೆ ಅವರ ತಲೆಯೊಳಗೆ ಏನಿತ್ತೋ ಅದು ಮಾತ್ರ ಅಲ್ಲಿ ಕಂಡಿತು.

ಬಾರಿಸಿದೆ. ಚೆನ್ನಾಗಿಯೇ ಬಾರಿಸಿದೆ, ಅದೇ ಹೇಡಿತನ. ಕೆಟ್ಟದಾಗಿ ಬಾರಿಸುವಷ್ಟು ಧೈರ್ಯವೂ ನನಗಿರಲಿಲ್ಲ. ಎಂಟು ಮಂದಿ ಕುಣಿದರು. ಒಬ್ಬ ನೆಲದಿಂದ ಎಂಜಲು ಹೆಕ್ಕಿ ತಿನ್ನುವ ಹಾಗೆ ಮಾಡಿದ. ಹಾಲಿನಲ್ಲಿದ್ದವರು ಬಿದ್ದು ಬಿದ್ದು ನಕ್ಕರು. ಮುಂದಿನ ಸಾಲಿನಲ್ಲಿ ಒಂದು ಮಗು ಅಪ್ಪನ ಹೆಗಲೇರಿ ಚಪ್ಪಾಳೆ ತಟ್ಟುತ್ತಿತ್ತು. ನನ್ನ ಅಮ್ಮ ಅಂಗಳದಲ್ಲಿ ಕೂತು ನುಂಗಿದ ಅನ್ನ ಇವರಿಗೆ ಇಷ್ಟು ನಗು ತರುತ್ತದೆ. ತಾಳ ನನ್ನದು.

ನಾಟಕ ಶುರುವಾಗಲು ಹೆಚ್ಚು ಹೊತ್ತಿರಲಿಲ್ಲ. ವೇಷದವರಲ್ಲಿ ಸಭೆಯ ಸದಸ್ಯನಾಗಬೇಕಾದವನು ನಾನೊಬ್ಬನೇ. ಒಂದೇ ನಳ್ಳಿ, ಅದರ ಮುಂದೆ ಸಾಲು. ಟಿಶ್ಯೂವಿನಲ್ಲಿ ಉಜ್ಜಿದೆ. ಎಣ್ಣೆಯ ಮಸಿ ಹರಡಿತೇ ಹೊರತು ಹೋಗಲಿಲ್ಲ. ಜಯರಾಜಣ್ಣ ಕರಿ ಕೋಟು ತಂದು ನನ್ನ ಹೆಗಲಿಗೆ ಹಾಕಿದರು. "ಹಿಂದಿನ ಸಾಲು ಅಲ್ವಾ ಮಾರಾಯ. ನಿನ್ನನ್ನು ಯಾರು ನೋಡ್ತಾರೆ. ಹೋಗು" ಎಂದರು.

ಹೋಗಿ ಕೂತೆ. ಮುಂದೆ ಎತ್ತರದ ಕುರ್ಚಿಯಲ್ಲಿ ಅನ್ವಿತಾ, ಬಿಳಿ ಸೀರೆ ಉಟ್ಟು, ಕೈಯಲ್ಲಿ ಮರದ ಸುತ್ತಿಗೆ. ಅವಳ ಬಲಕ್ಕೆ ಖಾಲಿ ಕುರ್ಚಿ. ಮುಂದಿನ ಸಾಲಿನವರು ಎದ್ದೆದ್ದು ಮಾತಾಡಿದರು. ಭಾಷೆ, ಧ್ವಜ, ಹಕ್ಕು. ನನಗೆ ಯಾವುದೂ ಕಿವಿಗೆ ಹೋಗಲಿಲ್ಲ. ಮಸಿ ಬೆವರಿನೊಡನೆ ಕಾಲರಿಗೆ ಇಳಿಯುತ್ತಿತ್ತು. ಈ ಹೊತ್ತಿಗೆ ಯಾವುದೋ ಹೋಟೆಲಿನ ತಗಡಿನ ಸುರಂಗದಲ್ಲಿ ರಿತೇಶ್ ಹೊಟ್ಟೆ ಮೇಲೆ ತೆವಳುತ್ತಿದ್ದಾನೆ ಎಂಬುದೊಂದೇ ತಲೆಯಲ್ಲಿತ್ತು.

ಅನ್ವಿತಾ ಓದಿದಳು. "ಅಸ್ಪೃಶ್ಯತೆಯನ್ನು ರದ್ದುಗೊಳಿಸಲಾಗಿದೆ. ಯಾವುದೇ ರೂಪದಲ್ಲಿ ಅದರ ಆಚರಣೆಯನ್ನು ನಿಷೇಧಿಸಲಾಗಿದೆ." ಯಾವುದೇ ರೂಪದಲ್ಲಿ. ತಾಲೀಮಿನಲ್ಲಿ ಎಷ್ಟೋ ಸಲ ಕೇಳಿದ್ದೆ. ಮುಖದ ಮೇಲೆ ಅದರ ಒಂದು ರೂಪ ಬಳಿದುಕೊಂಡು ಕೇಳಿದ್ದು ಅದೇ ಮೊದಲು.

"ಪರವಾಗಿ ಇರುವವರು ಕೈ ಎತ್ತಿ."

ಎಲ್ಲರ ಕೈ ಮೇಲೆ ಹೋಯಿತು. ಈಗಷ್ಟೇ ನಕ್ಕವರು ಮುಂದಿನ ಸಾಲಿನಲ್ಲಿ ಎದೆಯುಬ್ಬಿಸಿ ಕೈ ಎತ್ತಿದರು. ನನ್ನ ಪಕ್ಕ ನವನೀತ್ ಎತ್ತಿದ. ರಿತೇಶನ ಹೆಸರನ್ನು ಅಡುಗೆ ಪಾಳಿಯಿಂದ ಬಿಟ್ಟ ಕೈ ಅದು. ನನ್ನ ಕೈ ತೊಡೆಯ ಮೇಲೆ ಇತ್ತು. ನವನೀತ್ ಮೊಣಕೈಯಲ್ಲಿ ತಿವಿದ.

"ವಿರೋಧ ಇರುವವರು ಕೈ ಎತ್ತಿ."

ಸೈಲೆನ್ಸ್. ಅದೇ ಸೀನು.

ನಾನು ಕೈ ಎತ್ತಿದೆ.

ಮೊದಲು ಯಾರಿಗೂ ಕಾಣಲಿಲ್ಲ. ಆಮೇಲೆ ಅನ್ವಿತಾ ಎತ್ತಿದ ಸುತ್ತಿಗೆಯನ್ನು ಹಾಗೇ ಹಿಡಿದುಕೊಂಡಳು. ಹಾಲಿನಲ್ಲಿ ಯಾರೋ ಕಿಸಕ್ಕೆಂದರು, ಇದೂ ತಮಾಷೆ ಎಂದುಕೊಂಡು. ನವನೀತ್ "ಕೈ ಇಳಿಸು ಮಾರಾಯ" ಎಂದು ನನ್ನ ಕೋಟು ಎಳೆದ. ನಾನು ಇಳಿಸಲಿಲ್ಲ. ಎದ್ದು ನಿಂತೆ.

ಆ ಹುಡುಗಿಯ ಸ್ಕ್ರಿಪ್ಟಿನಲ್ಲಿ ಇಲ್ಲದ್ದು ಇದು. ಸುತ್ತಿಗೆ ಬಡಿದು ಮುಂದೆ ಹೋಗಬಹುದಿತ್ತು. ಅವಳು ನನ್ನ ಮುಖ ನೋಡಿದಳು. ಮೈಕು ಹತ್ತಿರ ತಂದು, "ಸದಸ್ಯರು ಮಾತಾಡ್ಬಹುದು" ಎಂದಳು.

"ಇದು ಇಲ್ಲಿ ಪಾಸಾಗಲಿಲ್ಲ" ಎಂದೆ. "ಡೆಲ್ಲಿಯಲ್ಲಿ ಆಗಿರ್ಬಹುದು. ಈ ಹಾಲಿನಲ್ಲಿ ಆಗ್ಲಿಲ್ಲ. ನನ್ನ ಮುಖ ನೋಡಿ. ನೀವು ಈಗ ನಗಾಡಿದ್ದು ನನ್ನ ಅಪ್ಪನನ್ನು ನೋಡಿ. ಅವನ ಹೆಸರು ಮುಂಡಪ್ಪ. ನಾನು ಮೂಲ್ಯ ಅಲ್ಲ, ಕೊರಗ. ನಿಮ್ಮ ಜೊತೆ ಒಂದೇ ರೂಮಲ್ಲಿ ಇದ್ದೇನೆ, ನಾನು ಮಾಡಿದ ಸಾರು ನೀವು ತಿಂದಿದ್ದೀರಿ. ರಿತೇಶ ಡೋಲು ಬಾರಿಸುದಿಲ್ಲ ಅಂದ, ಅವನನ್ನು ಗ್ರೀಸ್ ಡಕ್ಟಿಗೆ ಹಾಕಿದ್ರು. ನಾನು ಬಾರಿಸ್ತೇನೆ ಅಂದೆ, ನನ್ನನ್ನು ಫೋರ್‌ಮನ್ ಮಾಡ್ತೇನೆ ಅಂದ್ರು. ಹಾಗಾದ್ರೆ ಎಂತ ರದ್ದಾದ್ದು ಹೇಳಿ. ನನ್ನ ವೋಟು ವಿರೋಧ."

ಮೈಕು ಸತ್ತಿತು. ಬದಿಯಿಂದ ಜಯರಾಜಣ್ಣ ಕೈ ಬೀಸುತ್ತಿದ್ದರು. ಮರುಕ್ಷಣ ದೇಶಭಕ್ತಿಯ ಟ್ರ್ಯಾಕು ಜೋರಾಗಿ ಶುರುವಾಯಿತು. ಮುಂದಿನ ಸಾಲಿನವರು ಏನು ಮಾಡಬೇಕೆಂದು ತೋಚದೆ ಎದ್ದು ನಿಂತರು. ಅನ್ವಿತಾ 'ಅಂಗೀಕಾರವಾಗಿದೆ' ಎನ್ನಬೇಕಿತ್ತು. ಅನ್ನಲಿಲ್ಲ. ಸುತ್ತಿಗೆಯನ್ನು ಮೇಜಿನ ಮೇಲೆ ಇಟ್ಟು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. 'ತೊಂದರೆ ಇಲ್ಲ' ಎಂದು ಅವಳಿಗೆ ಹೇಳಿದವನು ನಾನೇ. ಅವಳ ಮುಖ ನೋಡಲಾಗದೆ ಹಿಂದಿನ ಬಾಗಿಲಿನಿಂದ ಹೊರಟೆ.

ಕೋಣೆಯಲ್ಲಿ ಉಷಾಲತಕ್ಕ ಮಸಿಯ ಬಟ್ಟಲು ತೊಳೆಯುತ್ತಿದ್ದರು. ಅವರಿಗೆ ಎಲ್ಲ ಕೇಳಿಸಿತ್ತು. "ನಂಗೆ ಹೇಳಿದ್ರೆ ಆಗ್ತಿತ್ತಲ್ಲ ತಿಲಕ್" ಎಂದರು. ಅವರ ಕಣ್ಣು ತುಂಬಿತ್ತು. ಏಣಿ ಮೇಲೆ ನಿಂತಿದ್ದಾಗ ಹೇಳಿದ್ದರೆ ಏನಾಗುತ್ತಿತ್ತು ಎಂದು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಕೋಟು ಬಿಚ್ಚಿ ಅವರ ಕೈಗೆ ಕೊಟ್ಟೆ.

ಉಮ್ ಅಲ್ ಹಸ್ಸಮ್‌ನ ನಮ್ಮ ರೂಮಿಗೆ ನಡೆದೇ ಬಂದೆ. ದಾರಿಯಲ್ಲಿ ಕರಕ್ ಚಹಾದಂಗಡಿಯವರು ನನ್ನ ಮುಖ ನೋಡಿದರು. ಸಂಜೆಯ ಮಗ್ರಿಬ್ ಬಾಂಗ್ ಆಗುತ್ತಿತ್ತು. ಖುಷಿಯ ಪಾಸ್‌ಪೋರ್ಟಿನ ಫೋಟೋ ಆ ಬೆಳಗ್ಗೆ ಬಂದಿತ್ತು. ಎರಡು ಜಡೆ, ನಗಬಾರದು ಎಂದು ಹೇಳಿದ್ದಕ್ಕೆ ಬಿಗಿದ ತುಟಿ. ಇನ್ನು ಅವಳಿಗೆ ಏನು ಹೇಳಲಿ. ಆದರೆ ನನ್ನನ್ನು ಕಚ್ಚುತ್ತಿದ್ದುದು ಅದಲ್ಲ. ಸ್ಟೇಜಿನ ಮೇಲೆ ನಾನು ಎಲ್ಲ ಹೇಳಿದ್ದೆ. ಜಯರಾಜಣ್ಣನ ತಪ್ಪು ಹೇಳಿದ್ದೆ, ನಕ್ಕವರ ತಪ್ಪು ಹೇಳಿದ್ದೆ. ಒಂದನ್ನು ಬಿಟ್ಟಿದ್ದೆ. ಅಷ್ಟು ದೊಡ್ಡ ಮಾತಿನ ನಡುವೆಯೂ ನಾಲಗೆ ಆ ಒಂದನ್ನು ಬಿಟ್ಟು ಸುತ್ತುಬಳಸಿ ಹೋಗಿತ್ತು.

ರೂಮಿನಲ್ಲಿ ರಿತೇಶ್ ಒಬ್ಬನೇ ಇದ್ದ. ಬಚ್ಚಲಿನ ಬೇಸಿನ್ ಮುಂದೆ ಬನಿಯನ್ನಿನಲ್ಲಿ ನಿಂತು ಮೊಣಕೈಯ ಗ್ರೀಸ್ ಉಜ್ಜುತ್ತಿದ್ದ. ಕುತ್ತಿಗೆ, ಕಿವಿಯ ಹಿಂದೆ, ಎಲ್ಲ ಕಪ್ಪು. ಕನ್ನಡಿಯಲ್ಲಿ ನನ್ನನ್ನು ನೋಡಿದ. ನನ್ನ ಮಸಿ ನೋಡಿದ. ಅವನ ಫೋನು ಬೇಸಿನ್ ಮೇಲೆ ಇತ್ತು. ಯಾರೋ ವೀಡಿಯೋ ಕಳಿಸಿರಬೇಕು.

"ಎಲ್ಲರ ಎದುರು ಹೇಳಿದ್ರಂತೆ" ಎಂದ.

"ಹೌದು."

"ನನ್ನ ಎದುರು ಇನ್ನೂ ಹೇಳ್ಲಿಲ್ಲ."

ಬಾಗಿಲ ಚೌಕಟ್ಟು ಹಿಡಿದುಕೊಂಡೆ. "ನಿನ್ನ ಹೆಸರು ಹೇಳಿದ್ದು ನಾನು" ಎಂದೆ. "ನನ್ನ ಜಾತಿ ಗೊತ್ತಾಗ್ತದೆ ಅಂತ ಹೆದ್ರಿ ನಿನ್ನನ್ನು ತೋರಿಸಿದೆ. ಆಮೇಲೆ ನೀನು ಬೇಡ ಅಂದದ್ದನ್ನು ನಾನು ಬಾರಿಸಿದೆ."

"ಗೊತ್ತುಂಟು."

"ನೀನು ಯಾಕೆ ನನ್ನ ವಿಷಯ ಯಾರಿಗೂ ಹೇಳ್ಲಿಲ್ಲ?"

"ಅದು ನಿಮ್ಮದು. ನೀವೇ ಹೇಳ್ಬೇಕು." ಮೊಣಕೈ ನೀರಿನಡಿ ಹಿಡಿದ. ತಗಡು ಕೊಯ್ದ ಗಾಯಕ್ಕೆ ಸೋಪು ತಾಗಿ ಹಲ್ಲು ಕಚ್ಚಿದ. ನಾನು ಟವೆಲು ಕೊಡಲು ಹೋದೆ. ತೆಗೆದುಕೊಳ್ಳಲಿಲ್ಲ. ತನ್ನದನ್ನೇ ಎಳೆದುಕೊಂಡ. ಒರೆಸಿಕೊಂಡು ಬೇಸಿನ್ ಬಿಟ್ಟು ಪಕ್ಕಕ್ಕೆ ಸರಿದ. ನನಗೆ ಜಾಗ ಮಾಡಿದ್ದೋ, ನನ್ನಿಂದ ದೂರ ಸರಿದದ್ದೋ ತಿಳಿಯಲಿಲ್ಲ.

ಮುಖಕ್ಕೆ ನೀರು ಹಾಕಿದೆ. ಹಿಂದಿನಿಂದ ಅವನ ದನಿ ಬಂತು.

"ನಾಳೆ ದೊಡ್ಡ ಹೋಟೆಲು. ಉದ್ದದ ಡಕ್ಟು. ಅದಕ್ಕೆ ಒಬ್ಬನಿಂದ ಆಗ್ಲಿಕ್ಕಿಲ್ಲ."

"ನಾನು ಬರ್ತೇನೆ" ಎಂದೆ. "ಹೇಗೂ ನಾಳೆಯಿಂದ ನನಗೂ ಅದೇ."

"ಒಬ್ಬ ಹೊರಗೆ ನಿಂತು ಲೈಟು ಹಿಡೀಬೇಕು. ಒಬ್ಬ ಒಳಗೆ ಹೋಗ್ಬೇಕು."

"ಒಳಗೆ ನಾನು ಹೋಗ್ತೇನೆ."

ಬೇಡ ತಿಲಕಣ್ಣ, ನಿಮಗೆ ಅಭ್ಯಾಸ ಇಲ್ಲ ಎಂದಾನು ಎಂದುಕೊಂಡೆ. ಊರಿನ ಹುಡುಗ, ನನಗಿಂತ ಕಿರಿಯ, ಹಾಗೆ ಅನ್ನುವುದು ಪದ್ಧತಿ.

"ಹೌದು" ಎಂದ ರಿತೇಶ್. "ನೀವೇ ಹೋಗಿ."